ಸೋಫಾಗೆ ಯಾವ ಹೊದಿಕೆ? ಸ್ವೇಡ್, ಲೆದರ್, ಲೆದರೆಟ್ ಅಥವಾ ಬರೀ ಬಟ್ಟೆ

ನಾಲ್ಕು ತಿಂಗಳ ಹಿಂದೆ ಅಕ್ಕನ ಮಗಳು ಐದು ಸ್ಯಾಂಪಲ್ ತುಂಡು ಹಿಡಿದುಕೊಂಡು ಮನೆಗೆ ಬಂದಳು. ಹೊಸ ಫ್ಲ್ಯಾಟಿಗೆ ಸೋಫಾ ಮಾಡಿಸಬೇಕು. ಮರ, ಫೋಮ್, ಅಳತೆ ಎಲ್ಲ ಆಗಿದೆ. ಮೇಲಿನ ಹೊದಿಕೆ ಮಾತ್ರ ತೀರ್ಮಾನ ಆಗಿಲ್ಲ. “ಚಿಕ್ಕಮ್ಮ, ಅಂಗಡಿಯಲ್ಲಿ ಎಲ್ಲವೂ ಚೆನ್ನಾಗೇ ಕಾಣಿಸುತ್ತೆ. ಮುಟ್ಟಿದರೆ ಇನ್ನೂ ಚೆನ್ನಾಗಿರುತ್ತೆ. ಯಾವುದು ತಗೊಳ್ಳಲಿ, ನೀವೇ ಹೇಳಿ” ಅಂದಳು.

ನಾನು ಐದನ್ನೂ ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಒಂದೊಂದರ ಮೇಲೂ ಒಂದು ತೊಟ್ಟು ಕೊಬ್ಬರಿ ಎಣ್ಣೆ, ಅರ್ಧ ಚಮಚ ಕಾಫಿ, ಅರ್ಧ ಚಮಚ ಸಾರು ಹಾಕಿದೆ. ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ಅವಳು “ಅಯ್ಯೋ!” ಅಂದಳು. ರಾತ್ರಿಯೆಲ್ಲ ಹಾಗೇ ಬಿಟ್ಟೆವು. ಬೆಳಿಗ್ಗೆ ಇಬ್ಬರೂ ಕೂತು ಒಂದೊಂದನ್ನೇ ಒರೆಸಲು ಶುರು ಮಾಡಿದೆವು.

ಅಂಗಡಿಯಲ್ಲಿ ನಾವು ಬಣ್ಣ ನೋಡುತ್ತೇವೆ, ಕೈಯಾಡಿಸಿ ಮೆತ್ತಗಿದೆಯಾ ಅಂತ ನೋಡುತ್ತೇವೆ. ಆದರೆ ಸೋಫಾ ಜೊತೆ ಹತ್ತು ವರ್ಷ ಬಾಳುವವರು ನಾವು, ಮನೆಯ ಮಕ್ಕಳು, ತಲೆಗೆ ಎಣ್ಣೆ ಹಚ್ಚಿಕೊಂಡು ಒರಗುವ ಅಜ್ಜ ಅಜ್ಜಿ. ಹೊದಿಕೆ ಆರಿಸುವ ಮೊದಲು ನಿಮ್ಮ ಮನೆಯ ಕಲೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಅದು ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಬಿದ್ದುಹೋಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು

ಮನೆಯಲ್ಲಿ ಜಾಸ್ತಿ ಚೆಲ್ಲುವುದು ಏನು? ನಮ್ಮ ಕಡೆಯ ಮನೆಗಳಲ್ಲಿ ಮುಖ್ಯವಾಗಿ ನಾಲ್ಕು: ತಲೆ ಎಣ್ಣೆ, ಕಾಫಿ, ಅರಿಶಿನ ಇರುವ ಸಾರು ಪಲ್ಯ, ಮಕ್ಕಳ ಪೆನ್ನು. ಟಿವಿ ಮುಂದೆ ಊಟ ಮಾಡುವ ಮನೆಗೂ, ಹಾಲ್ ಬರೀ ಬಂದವರಿಗೆ ಅಂತ ಇಟ್ಟ ಮನೆಗೂ ಒಂದೇ ಹೊದಿಕೆ ಹೊಂದುವುದಿಲ್ಲ.

ನೀರು ಯಾವುದು? ಬೋರ್‌ವೆಲ್ ನೀರಿನ ಗಡಸುತನ ಬಟ್ಟೆಗೆ ದೊಡ್ಡ ಶತ್ರು. ಕಲೆ ಹೋದರೂ ಒಣಗಿದ ಮೇಲೆ ಸುತ್ತ ಬಿಳಿ ಉಂಗುರ ಉಳಿಯುತ್ತದೆ. ಬಕೆಟ್, ನಲ್ಲಿಗಳ ಮೇಲೆ ಕೂರುತ್ತದಲ್ಲ, ಅದೇ ಉಪ್ಪು. ಸೋಫಾ ಒರೆಸಲು ಯಾವಾಗಲೂ ಆರ್‌ಓ ಫಿಲ್ಟರ್ ನೀರೇ ತೆಗೆದುಕೊಳ್ಳಿ. ಒಂದು ಬಟ್ಟಲು ಸಾಕು.

ಊರಿನ ಹವೆ ಹೇಗೆ? ಬೆಂಗಳೂರು, ಮೈಸೂರು, ಧಾರವಾಡದಲ್ಲಿ ನಡೆಯುವುದು ತೀರ್ಥಹಳ್ಳಿ, ಮಡಿಕೇರಿ, ಮಂಗಳೂರಿನಲ್ಲಿ ನಡೆಯುವುದಿಲ್ಲ. ಗಾಳಿಯ ತೇವ ವಾರಗಟ್ಟಲೆ ಶೇ. 70ಕ್ಕಿಂತ ಮೇಲೆ ನಿಂತರೆ ಚರ್ಮ, ಹತ್ತಿ, ಮರ ಯಾವುದಕ್ಕಾದರೂ ಬೂಸ್ಟು ಹಿಡಿಯುತ್ತದೆ. ಇನ್ನು ಕಲಬುರಗಿ, ರಾಯಚೂರಿನ ಬಿಸಿಲಿಗೆ ಚರ್ಮ ಒಣಗಿ ಸೀಳುತ್ತದೆ.

ಬಿಚ್ಚಿ ಒಗೆಯಲು ಬರುತ್ತದೆಯೇ? ಜಿಪ್ ಇರುವ ಗವಸು, ಮೊಳೆ ಹೊಡೆದ ಬಟ್ಟೆ, ಇವೆರಡರ ನಡುವೆ ಅಜಗಜಾಂತರ. ಬಟ್ಟೆ ಯಾವುದೇ ಇರಲಿ, ಕೂರುವ ದಿಂಬಿಗೆ ಜಿಪ್ ಇಡಿಸಿ. ಹೊಲಿಯುವವರು ಸ್ವಲ್ಪ ಜಾಸ್ತಿ ಕೂಲಿ ಕೇಳಬಹುದು, ಕೊಟ್ಟುಬಿಡಿ.

ಕೊನೆಗೆ ದುಡ್ಡು. ಅದರಲ್ಲಿ ಎರಡು ಭಾಗ: ಕೊಳ್ಳುವಾಗ ಕೊಡುವುದು, ಆಮೇಲೆ ಪ್ರತಿ ವರ್ಷ ಕೊಡುತ್ತಾ ಹೋಗುವುದು. ಮೂರು ಜನ ಕೂರುವ ಸೋಫಾಗೆ 54 ಇಂಚು ಅಗಲದ ಬಟ್ಟೆ ಸುಮಾರು 8ರಿಂದ 10 ಮೀಟರ್ ಬೇಕಾಗುತ್ತದೆ. ಚರ್ಮವನ್ನು ಮೀಟರ್ ಲೆಕ್ಕದಲ್ಲಿ ಮಾರುವುದಿಲ್ಲ, ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ತೊಗಲಿಗೆ ನೇರ ಅಂಚು ಇರುವುದಿಲ್ಲವಾದ್ದರಿಂದ ಕತ್ತರಿಸುವಾಗ ತುಂಬ ಹಾಳಾಗುತ್ತದೆ. ಒಂದು ಗಜ ಬಟ್ಟೆಯ ಜಾಗಕ್ಕೆ 18 ಚದರ ಅಡಿ ಚರ್ಮ ಎಂಬುದು ಈ ಕೆಲಸದವರ ಲೆಕ್ಕ. ಅಂದರೆ ಅದೇ ಸೋಫಾಗೆ 160ರಿಂದ 200 ಚದರ ಅಡಿ. ಅಂಗಡಿಯವರು ಹೇಳಿದ ದರವನ್ನು ಇದರಿಂದ ಗುಣಿಸಿ ನೋಡಿ. ಲೆದರ್ ಸೋಫಾ ಯಾಕೆ ಅಷ್ಟು ದುಬಾರಿ ಅಂತ ಆಗ ತಿಳಿಯುತ್ತದೆ.

ಇನ್ನೆರಡು ವಿಷಯ ಬಟ್ಟೆಯ ಚೀಟಿಯಲ್ಲಿ ಸಿಗುತ್ತವೆ. ಒಂದು, ತೊಳೆಯುವ ಗುರುತು. ಡಬ್ಲ್ಯೂ ಇದ್ದರೆ ನೀರು, ಸೋಪಿನ ನೊರೆ ಬಳಸಬಹುದು. ಎಸ್ ಇದ್ದರೆ ನೀರು ಬೇಡ, ಡ್ರೈಕ್ಲೀನ್ ದ್ರವ ಮಾತ್ರ. ಡಬ್ಲ್ಯೂ-ಎಸ್ ಇದ್ದರೆ ಎರಡೂ ಆಗುತ್ತದೆ. ಎಕ್ಸ್ ಇದ್ದರೆ ವ್ಯಾಕ್ಯೂಮ್, ಬ್ರಷ್ ಬಿಟ್ಟು ಏನೂ ಇಲ್ಲ. ಮಕ್ಕಳಿರುವ ಮನೆಗೆ ಎಕ್ಸ್ ಗುರುತಿನ ಬಟ್ಟೆ ಬೇಡವೇ ಬೇಡ. ಎರಡನೆಯದು ಮಾರ್ಟಿಂಡೇಲ್ ಸಂಖ್ಯೆ. ಉಣ್ಣೆ ಬಟ್ಟೆಗೆ ತಿಕ್ಕುತ್ತಾ ಹೋದರೆ ಎಷ್ಟು ಸುತ್ತು ಆದ ಮೇಲೆ ಎಳೆ ಹರಿಯುತ್ತದೆ ಅನ್ನುವ ಪರೀಕ್ಷೆ ಅದು. ದಿನಾ ಬಳಸುವ ಮನೆ ಸೋಫಾಗೆ 15,000ದಿಂದ 25,000 ಸಾಕು. ಮನೆ ತುಂಬ ಜನ ಇದ್ದರೆ ಅದಕ್ಕಿಂತ ಮೇಲಿನದು ನೋಡಿ.

ನಿಜವಾದ ಸ್ವೇಡ್

ಕೆಲವು ಅಂಗಡಿಯವರು ಇದನ್ನು ಸ್ವೀಡ್ ಅಂತಲೂ ಅನ್ನುತ್ತಾರೆ. ಹೆಸರು ಬಂದದ್ದು ಫ್ರೆಂಚರಿಂದ. ಸ್ವೀಡನ್ ದೇಶದ ಮೆತ್ತನೆ ಕೈಗವಸುಗಳನ್ನು ಅವರು ಹಾಗೆ ಕರೆಯುತ್ತಿದ್ದರು. ಇದು ತೊಗಲಿನ ಒಳಮೈ. ಹೊರಮೈಯ ಬಿಗಿ ಪದರ ಇದಕ್ಕೆ ಇರುವುದಿಲ್ಲ. ಎಳೆಗಳನ್ನು ಉಜ್ಜಿ ಉಜ್ಜಿ ಎಬ್ಬಿಸಿರುತ್ತಾರೆ. ಬೆರಳಾಡಿಸಿದರೆ ಒಂದು ಕಡೆಗೆ ತಿಳಿ ಬಣ್ಣ, ಇನ್ನೊಂದು ಕಡೆಗೆ ಗಾಢ ಬಣ್ಣ ಕಾಣುವುದು ಅದಕ್ಕೇ. ನ್ಯೂಬಕ್ ಅನ್ನುವುದು ಇದರ ಅಣ್ಣ ಇದ್ದ ಹಾಗೆ. ಅದರಲ್ಲಿ ಉಜ್ಜಿರುವುದು ಹೊರಮೈಯನ್ನು, ಹಾಗಾಗಿ ಸ್ವಲ್ಪ ಗಟ್ಟಿ.

ಅದರ ಚೆಂದಕ್ಕೆ ಏನು ಕಾರಣವೋ, ತೊಂದರೆಗೂ ಅದೇ ಕಾರಣ. ತೆರೆದುಕೊಂಡ ಎಳೆ ಎಲ್ಲವನ್ನೂ ಹೀರುತ್ತದೆ. ನಮ್ಮ ತುಂಡಿನ ಮೇಲೆ ಬಿದ್ದ ಕೊಬ್ಬರಿ ಎಣ್ಣೆಯ ತೊಟ್ಟು ನಾವು ನೋಡುತ್ತಿದ್ದಂತೆಯೇ ಇಂಗಿಹೋಯಿತು. ಬೆಳಿಗ್ಗೆ ನೋಡಿದರೆ ಎಂಟಾಣೆ ಅಗಲದ ಕಪ್ಪು ಮಚ್ಚೆ. ಅದರ ಮೇಲೆ ಕಾರ್ನ್‌ಫ್ಲೋರ್ ದಪ್ಪಗೆ ಹಾಕಿ ಇನ್ನೊಂದು ರಾತ್ರಿ ಬಿಟ್ಟೆ. ಹಿಟ್ಟು ಎಣ್ಣೆ ಕುಡಿದು ಹಳದಿಯಾಯಿತು, ಬ್ರಷ್ ಮಾಡಿದೆ, ಮತ್ತೆ ಹಾಕಿದೆ. ಮೂರು ಸಲ ಮಾಡಿದ ಮೇಲೂ ನೆರಳು ಉಳಿದಿತ್ತು. ಕಾಫಿ ಬಿದ್ದ ಜಾಗ ಒಣಗಿ ಹಪ್ಪಳದ ಹಾಗೆ ಬಿರುಸಾಯಿತು. ಬ್ರಷ್ ಮಾಡಿದಾಗ ಮೆತ್ತಗಾಯಿತು, ಆದರೆ ಉಂಗುರ ಹೋಗಲಿಲ್ಲ. ಸಾರು, ಪೆನ್ನು ಎರಡೂ ಅಲ್ಲೇ ನಿಂತವು.

ದಿನಾ ಕೂರುವ ಸೋಫಾಗೆ ಸ್ವೇಡ್ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಎಷ್ಟೇ ದುಡ್ಡಿದ್ದರೂ. ಓದುವ ಕೋಣೆಯ ಒಂದು ಕುರ್ಚಿ, ಚಪ್ಪಲಿ, ಬ್ಯಾಗ್, ಜಾಕೆಟ್, ಇಷ್ಟಕ್ಕೆ ಚೆಂದ. ಇದ್ದವರು ನೋಡಿಕೊಳ್ಳುವ ಕ್ರಮ ಹೀಗೆ. ಧೂಳನ್ನು ಒಣ ಬ್ರಷ್‌ನಿಂದ ಒಂದೇ ದಿಕ್ಕಿಗೆ ತೆಗೆಯಿರಿ. ನೆನೆದರೆ ಒತ್ತಿ ಹೀರಿಸಿ, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲಷ್ಟೇ ಬ್ರಷ್ ಮಾಡಿ. ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರೂ ಬೇಡ. ಗೀರು, ಹೊಳಪು ಬಂದ ಜಾಗಕ್ಕೆ ಮಕ್ಕಳ ಬಿಳಿ ರಬ್ಬರ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಠ ಮಾಡುವ ಒಣ ಕಲೆಗೆ ಬಿಳಿ ವಿನೆಗರ್‌ನಲ್ಲಿ ಬಟ್ಟೆಯ ತುದಿ ಅದ್ದಿ, ಚೆನ್ನಾಗಿ ಹಿಂಡಿ, ಮೆಲ್ಲಗೆ ಒತ್ತಿ. ಒಣಗಿದ ಮೇಲೆ ವಾಸನೆ ಹೋಗುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೇ ದಿಂಬಿನ ಗವಸಿನಲ್ಲಿ ಹಾಕಿಡಿ, ಗಾಳಿಯಾಡಲಿ.

ಸ್ವೇಡ್ ಫ್ಯಾಬ್ರಿಕ್

ಸೋಫಾ ಅಂಗಡಿಯಲ್ಲಿ ಸ್ವೇಡ್ ಅಂತ ತೋರಿಸುವುದರಲ್ಲಿ ಹೆಚ್ಚಿನದು ಇದೇ. ಇದು ಚರ್ಮ ಅಲ್ಲ. ಪಾಲಿಯೆಸ್ಟರ್‌ನ ಬಹಳ ತೆಳು ಎಳೆ, ಅಂದರೆ ಮೈಕ್ರೋಫೈಬರ್. ಆ ಎಳೆ 9,000 ಮೀಟರ್ ಉದ್ದ ತೂಗಿದರೂ ಒಂದು ಗ್ರಾಂ ಆಗುವುದಿಲ್ಲ. ಈ ಜಾತಿಯ ಬಟ್ಟೆಗೆ ದಾರಿ ತೋರಿಸಿದ್ದು ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಶಿ ಒಕಮೊಟೊ, 1970ರಲ್ಲಿ. ಅವರು ಮಾಡಿದ್ದು ಅಲ್ಟ್ರಾಸ್ವೇಡ್. ದುಬಾರಿ ಕಾರುಗಳ ಒಳಗೆ ಕಾಣುವ ಅಲ್ಕಾಂಟಾರಾ ಕೂಡ ಅದೇ ತಂತ್ರದಿಂದ ಬಂದದ್ದು. ನಮ್ಮ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವುದು ಅಷ್ಟು ಮೇಲ್ಮಟ್ಟದ್ದಲ್ಲ, ಆದರೆ ಗುಣ ಅದೇ ಕಡೆಗಿದೆ.

ಅಸಲಿಯೋ ಅಲ್ಲವೋ ತಿಳಿಯಲು ಹಿಂಬದಿ ನೋಡಿ. ನೇಯ್ಗೆ ಕಂಡರೆ ಬಟ್ಟೆ. ಅಂಚಿನ ಒಂದು ಎಳೆ ಕಿತ್ತು ಸುಟ್ಟರೆ ಕರಗಿ ಮಣಿಯಾಗುತ್ತದೆ. ಚರ್ಮವಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ.

ಪರೀಕ್ಷೆಯಲ್ಲಿ ನಮಗೆ ಖುಷಿ ಕೊಟ್ಟದ್ದು ಈ ತುಂಡು. ಒಂದು ಬಟ್ಟಲು ಫಿಲ್ಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ನೊರೆ ಎಬ್ಬಿಸಿದೆ. ನೊರೆಯನ್ನು ಮಾತ್ರ ಸ್ಪಂಜಿಗೆ ತೆಗೆದುಕೊಂಡು ಹೊರಗಿನಿಂದ ಒಳಕ್ಕೆ ಒತ್ತಿದೆ. ಕಾಫಿ ಪೂರ್ತಿ ಹೋಯಿತು. ಎಣ್ಣೆ ಎರಡನೇ ಸಲಕ್ಕೆ ಹೋಯಿತು. ಪೆನ್ನಿನ ಗೆರೆಗೆ ಮೆಡಿಕಲ್ ಶಾಪಿನ ಸ್ಪಿರಿಟ್ ಅದ್ದಿದ ಹತ್ತಿ ಒತ್ತುತ್ತಾ ಹೋದೆ. ಹತ್ತಿ ನೀಲಿಯಾಗುತ್ತಾ ಬಂತು, ಗೆರೆ ಮಾಸುತ್ತಾ ಹೋಯಿತು. ಸಾರಿನ ಹಳದಿ ಸ್ವಲ್ಪ ಉಳಿಯಿತು. ಒಣಗಿದ ಮೇಲೆ ಎಳೆ ಅಂಟಿಕೊಂಡು ಬಿರುಸಾಗಿದ್ದವು. ಹಳೇ ಟೂತ್‌ಬ್ರಷ್‌ನಿಂದ ಸುತ್ತಿ ಸುತ್ತಿ ಉಜ್ಜಿದಾಗ ಮೊದಲಿನಂತಾಯಿತು. ಈ ಕೊನೆಯ ಹೆಜ್ಜೆ ಮರೆಯಬೇಡಿ. ಬಟ್ಟೆ ಹಾಳಾಯಿತು ಅಂದುಕೊಳ್ಳುವವರಲ್ಲಿ ಎಷ್ಟೋ ಜನ ಬ್ರಷ್ ಮಾಡಿರುವುದೇ ಇಲ್ಲ.

ಒಂದು ಎಚ್ಚರಿಕೆ. ಸ್ವೇಡ್ ಫ್ಯಾಬ್ರಿಕ್‌ನಲ್ಲಿ ಕೆಲವಕ್ಕೆ ಎಸ್ ಗುರುತು ಇರುತ್ತದೆ. ಅವಕ್ಕೆ ನೀರು ತಾಗಿದರೆ ಉಂಗುರ ಬೀಳುತ್ತದೆ. ಡಬ್ಲ್ಯೂ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಕೊರತೆ, ಇದು ಧೂಳು ಮತ್ತು ನಾಯಿ ಕೂದಲನ್ನು ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ ವ್ಯಾಕ್ಯೂಮ್ ಬೇಕೇ ಬೇಕು. ಆದರೆ ಬೆಕ್ಕಿನ ಉಗುರಿಗೆ ಸುಲಭವಾಗಿ ಬಗ್ಗುವುದಿಲ್ಲ. ಎಳೆ ಬಿಗಿಯಾಗಿ ಕೂತಿರುವುದರಿಂದ ಉಗುರು ಸಿಕ್ಕಿಕೊಳ್ಳಲು ಜಾಗ ಇರುವುದಿಲ್ಲ.

ಲೆದರ್

ಚೆನ್ನಾಗಿ ಹದ ಮಾಡಿದ, ಮೇಲೆ ಬಣ್ಣದ ಪದರ ಕೊಟ್ಟ ಚರ್ಮ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಗಂಭೀರವಾಗಿ ಕೂತಿತ್ತು. ಎಣ್ಣೆ ಒರೆಸಿದರೆ ಹೋಯಿತು, ಕಾಫಿ ಹೋಯಿತು. ತಿಳಿ ಬಣ್ಣದ ತುಂಡಾದ್ದರಿಂದ ಸಾರು ಒಂದಿಷ್ಟು ಹಳದಿ ಬಿಟ್ಟಿತು. ಪೆನ್ನು ಮಾತ್ರ ತೊಂದರೆ. ಸ್ಪಿರಿಟ್ ಹಾಕಿದೆ. ಶಾಯಿ ಜೊತೆಗೆ ಚರ್ಮದ ಬಣ್ಣವೂ ಹತ್ತಿಗೆ ಬಂತು. ತುಂಡು ಆಗಿದ್ದಕ್ಕೆ ಬಚಾವ್. ಸೋಫಾ ಮೇಲೆ ಹಾಗೆ ಮಾಡಬೇಡಿ.

ಲೆದರ್ ಎಲ್ಲವೂ ಒಂದೇ ಅಲ್ಲ. ಅನಿಲೀನ್ ಅನ್ನುವುದರ ಮೇಲೆ ರಕ್ಷಣೆಯ ಪದರ ಇರುವುದಿಲ್ಲ. ನೋಡಲು ಬಹಳ ಸಹಜ, ಆದರೆ ತಲೆ ಎಣ್ಣೆ ಹೀರಿ ಒರಗುವ ಜಾಗ ಕಪ್ಪಾಗುತ್ತದೆ. ಪಿಗ್ಮೆಂಟೆಡ್, ಅಂದರೆ ಮೇಲೆ ಬಣ್ಣದ ಪದರ ಕೊಟ್ಟದ್ದು, ಮನೆ ಬಳಕೆಗೆ ಸರಿ. ಅಂಗಡಿಯಲ್ಲೇ ಕಾಣದ ಮೂಲೆಗೆ ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ನಿಂತರೆ ಪದರ ಇದೆ, ಇಂಗಿದರೆ ಇಲ್ಲ. ಬಾಂಡೆಡ್ ಲೆದರ್ ಅಂದರೆ ಚರ್ಮದ ಚೂರು, ಪುಡಿಯನ್ನು ಅಂಟಿನಿಂದ ಕೂಡಿಸಿ ಹಾಳೆ ಮಾಡಿದ್ದು. ಹೆಸರಲ್ಲಿ ಲೆದರ್ ಇದ್ದರೂ ಬಾಳಿಕೆಯಲ್ಲಿ ಇಲ್ಲ, ಚಕ್ಕೆ ಏಳುತ್ತದೆ. ಹಾಫ್ ಲೆದರ್ ಅಂದರೆ ಕೂರುವ, ಒರಗುವ ಜಾಗ ಚರ್ಮ, ಪಕ್ಕ ಮತ್ತು ಹಿಂದೆ ಲೆದರೆಟ್, ಅಂದರೆ ಕೃತಕ ಚರ್ಮ. ಗೊತ್ತಿದ್ದು ಕೊಂಡರೆ ಇದು ತಪ್ಪಲ್ಲ, ದುಡ್ಡು ಉಳಿಯುತ್ತದೆ. ಬಿಲ್ಲಿನಲ್ಲಿ ಯಾವ ಭಾಗ ಯಾವುದು ಅಂತ ಬರೆಸಿಕೊಳ್ಳಿ.

ಆರೈಕೆ ಅಂಥ ಕಷ್ಟ ಏನಲ್ಲ. ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆ, ತಿಂಗಳಿಗೊಮ್ಮೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ, ಆರು ತಿಂಗಳಿಗೊಮ್ಮೆ ಲೆದರ್ ಕಂಡೀಷನರ್. ಕಿಟಕಿಯ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಮಿಂಚುತ್ತದೆ ಅಂತ ಹೇಳುವವರಿದ್ದಾರೆ. ಒಂದು ವಾರ ಮಿಂಚುವುದೂ ನಿಜ. ಆಮೇಲೆ ಕಮಟು ವಾಸನೆ, ಧೂಳು, ಮಳೆಗಾಲದಲ್ಲಿ ಬೂಸ್ಟು. ಶೂ ಪಾಲಿಶ್ ಹಚ್ಚಿದರೆ ಕೂತವರ ಬಟ್ಟೆಗೆ ಹತ್ತುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯನ್ನು ಕೈಯಾಸರೆ ಮೇಲೆ ಇಡಬಾರದು, ಅದರಲ್ಲಿರುವ ಆಲ್ಕೋಹಾಲ್ ಪದರವನ್ನು ಸವೆಸುತ್ತದೆ.

ಮಲೆನಾಡು, ಕರಾವಳಿಯವರಿಗೆ ನನ್ನ ಸಲಹೆ ಬೇರೆ. ತೀರ್ಥಹಳ್ಳಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಕಂದು ಲೆದರ್ ಸೋಫಾ ಇತ್ತು. ಆಷಾಢದಲ್ಲಿ ಎರಡು ವಾರ ಊರಿಗೆ ಹೋಗಿ ಬಂದು ಬಾಗಿಲು ತೆರೆದರೆ ಇಡೀ ಸೋಫಾ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಬೂಸ್ಟು. ಒರೆಸಿದರೆ ಹೋಗುತ್ತದೆ, ಹತ್ತು ದಿನಕ್ಕೆ ಮತ್ತೆ ಬರುತ್ತದೆ. ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಬರೀ ತೇವ ಮಾಡಿ, ಹಗುರವಾಗಿ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಬೇಕು. ಹೀಗೆ ಪ್ರತಿ ಮಳೆಗಾಲ ಮಾಡುವ ತಾಳ್ಮೆ ಇದ್ದರೆ ಮಾತ್ರ ಲೆದರ್ ತಗೊಳ್ಳಿ. ಸೋಫಾ ಗೋಡೆಗೆ ಒತ್ತಿಕೊಂಡಿರದಂತೆ ಅರ್ಧ ಅಡಿ ಮುಂದಕ್ಕೆ ಎಳೆಯಿರಿ. ನುಸಿ ಗುಳಿಗೆ (ನ್ಯಾಫ್ತಲೀನ್) ಇಟ್ಟರೆ ಬೂಸ್ಟು ಬರುವುದಿಲ್ಲ ಅನ್ನುವುದು ತಪ್ಪು ನಂಬಿಕೆ, ಅದು ಹುಳಕ್ಕೆ ಮಾತ್ರ.

ಲೆದರೆಟ್ ಮತ್ತು ರೆಕ್ಸಿನ್

ಜನ ಜಾಸ್ತಿ ಮೋಸಹೋಗುವುದು ಇಲ್ಲೇ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೆಕ್ಸಿನ್ ಅನ್ನುವುದು ಮೊದಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಒಂದು ಕಂಪನಿಯ ಮಾಲಿನ ಹೆಸರು. ನಮ್ಮಲ್ಲಿ ಅದು ಎಲ್ಲ ಕೃತಕ ಚರ್ಮಕ್ಕೂ ಅಂಟಿಕೊಂಡಿತು. ಈಗ ಆ ಹೆಸರಿನಲ್ಲಿ ಸಿಗುವುದು ಬಟ್ಟೆಯ ಮೇಲೆ ಪಿವಿಸಿ ಹೊಯ್ದದ್ದು. ಲೆದರೆಟ್ ಅಂತ ಶೋರೂಮಿನಲ್ಲಿ ತೋರಿಸುವುದು ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್ ಹೊಯ್ದದ್ದು. ಪಿಯು ಮೆತ್ತಗೆ, ಚರ್ಮದ ಹಾಗೇ ಮಡಿಕೆ ಬೀಳುತ್ತದೆ. ಪಿವಿಸಿ ಸ್ವಲ್ಪ ಗಡುಸು, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ.

ಹಾಗಾದರೆ ಪಿಯು ಒಳ್ಳೆಯದಲ್ವಾ? ಬಾಳಿಕೆಯಲ್ಲಿ ಅಲ್ಲ. ಪಿಯುವನ್ನು ಗಾಳಿಯಲ್ಲಿರುವ ತೇವವೇ ಮೆಲ್ಲಗೆ ಒಡೆಯುತ್ತದೆ. ಬೀರುವಿನಲ್ಲಿ ಹಾಗೇ ಇಟ್ಟ ಹೊಸ ಶೂ ನಾಲ್ಕೈದು ವರ್ಷದ ಮೇಲೆ ತೆಗೆದು ಹಾಕಿಕೊಂಡರೆ ಅಟ್ಟೆ ಪುಡಿಪುಡಿ ಉದುರುತ್ತದಲ್ಲ, ಅದೇ ಕಾರಣ. ಬಳಸಿ ಸವೆದದ್ದಲ್ಲ, ಸುಮ್ನೆ ಇದ್ದು ಹಾಳಾದದ್ದು. ಸೋಫಾದಲ್ಲಿ ಮೊದಲು ತಲೆ ಒರಗುವ ಜಾಗ, ಕೈಯಿಡುವ ಜಾಗದಲ್ಲಿ ಚಕ್ಕೆ ಏಳುತ್ತದೆ, ಬೆವರು ಎಣ್ಣೆ ಅದಕ್ಕೆ ಸಹಾಯ ಮಾಡುತ್ತವೆ. ಒಮ್ಮೆ ಎದ್ದರೆ ಯಾವ ಕ್ರೀಮೂ ಅದನ್ನು ಕೂರಿಸುವುದಿಲ್ಲ. ಕರಾವಳಿಯಲ್ಲಿ ಇದು ಇನ್ನೂ ಬೇಗ. ಪಿವಿಸಿ ರೆಕ್ಸಿನ್‌ಗೆ ತೇವದ ಭಯ ಕಡಿಮೆ. ವರ್ಷಗಳು ಕಳೆದಂತೆ ಅದು ಬಿರುಸಾಗಿ ಮಡಿಕೆಯಲ್ಲಿ ಸೀಳುತ್ತದೆ, ಆದರೆ ಅದಕ್ಕೆ ತುಂಬ ಕಾಲ ಬೇಕು. ಬಸ್ಸಿನ ಸೀಟು, ಕ್ಲಿನಿಕ್ಕಿನ ಬೆಂಚು ರೆಕ್ಸಿನ್ ಆಗಿರುವುದು ಸುಮ್ನೆ ಅಲ್ಲ.

ನಮ್ಮ ಲೆದರೆಟ್ ತುಂಡಿನ ಮೇಲೆ ಎಣ್ಣೆ, ಕಾಫಿ ಎರಡೂ ಒಂದೇ ಒರೆತಕ್ಕೆ ಹೋದವು. ಐದರಲ್ಲಿ ಇಷ್ಟು ಸುಲಭ ಬೇರೆ ಯಾವುದೂ ಇರಲಿಲ್ಲ. ಪೆನ್ನಿನ ಶಾಯಿ ಒಳಗೆ ಇಳಿದುಬಿಟ್ಟಿತ್ತು. ಸ್ಪಿರಿಟ್ ಹಚ್ಚಿದ ಕಡೆ ಹೊಳಪು ಸತ್ತಿತು. ತಿಳಿ ಬಣ್ಣ ಕೊಂಡರೆ ಹೊಸ ಜೀನ್ಸ್‌ನ ನೀಲಿಯೂ ಹೀಗೇ ಇಳಿಯುತ್ತದೆ ಅನ್ನುವುದನ್ನು ನೆನಪಿಡಿ.

ನಾಲ್ಕೈದು ವರ್ಷಕ್ಕೆ ಮನೆ ಬದಲಿಸುವವರು, ಚಿಕ್ಕ ಮಗು ಇರುವವರು, ಕೈಯಲ್ಲಿ ದುಡ್ಡು ಕಡಿಮೆ ಇರುವವರು ಧಾರಾಳವಾಗಿ ರೆಕ್ಸಿನ್ ತಗೊಳ್ಳಿ. ಹದಿನೈದು ವರ್ಷ ಬಾಳಬೇಕು ಅನ್ನುವವರು ಪಿಯು ತಗೊಂಡು ದುಃಖ ಪಡಬೇಡಿ.

ಹತ್ತಿ, ಜ್ಯೂಟ್, ಚೆನಿಲ್, ವೆಲ್ವೆಟ್

ದಪ್ಪ ಹತ್ತಿ ಬಟ್ಟೆಯ ದೊಡ್ಡ ಗುಣ, ಬಿಚ್ಚಿ ಬಕೆಟ್ಟಿಗೆ ಹಾಕಬಹುದು. ಕಾಫಿ, ಎಣ್ಣೆ ಎರಡೂ ಒಗೆತದಲ್ಲಿ ಹೋದವು. ಪೆನ್ನಿನ ಗೆರೆ ಸ್ಪಿರಿಟ್‌ನಲ್ಲಿ ಮಾಸಿತು. ಸಾರಿನ ಕಲೆಗೆ ಬಟ್ಟೆ ಸೋಪು ಹಚ್ಚಿದ ತಕ್ಷಣ ಹಳದಿ ಹೋಗಿ ಕೆಂಪಾಯಿತು. ಅಕ್ಕನ ಮಗಳು ಗಾಬರಿಯಾದಳು. ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಾರಲ್ಲ, ಅದೇ ಇಲ್ಲಿ ಆದದ್ದು. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಅರಿಶಿನಕ್ಕೆ ಮದ್ದು ಬಿಸಿಲು. ಎರಡು ದಿನ ಮಧ್ಯಾಹ್ನದ ಬಿಸಿಲಿಗೆ ಒಣಹಾಕಿದ ಮೇಲೆ ಹುಡುಕಿದರೂ ಕಲೆ ಕಾಣಲಿಲ್ಲ. ಸ್ವೇಡ್ ಫ್ಯಾಬ್ರಿಕ್‌ನಲ್ಲಿ ಉಳಿದಿದ್ದ ಹಳದಿಯೂ ಬಿಸಿಲಿಗೇ ಬಹುಪಾಲು ಹೋಯಿತು. ಗವಸಿಗೆ ಜಿಪ್ ಇರಲಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಇಡೀ ಸೋಫಾವನ್ನು ಬಿಸಿಲಿಗೆ ಹೊರುವುದಕ್ಕೆ ಆಗುತ್ತದೆಯೇ?

ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿಯುವ ಮೊದಲೇ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿ ಕೊಡಿ. ಗಾಢ ಬಣ್ಣ ಮಾಸುತ್ತದೆ. ನಾಲ್ಕೈದು ವರ್ಷಕ್ಕೆ ಗವಸು ಬದಲಿಸಬೇಕು, ಆದರೆ ಆ ಖರ್ಚು ಸಣ್ಣದು.

ಜ್ಯೂಟ್ ಅಂತ ಸೋಫಾ ಅಂಗಡಿಯವರು ತೋರಿಸುವುದರಲ್ಲಿ ಬಹಳಷ್ಟು ಪಾಲಿಯೆಸ್ಟರ್, ಬರೀ ನೇಯ್ಗೆ ಒರಟು. ಚೀಟಿ ಓದಿ ತಗೊಳ್ಳಿ. ಧೂಳು ಕಾಣದಿರುವುದು ಅದರ ಲಾಭ. ಬೆಕ್ಕಿದ್ದರೆ ಜ್ಯೂಟೂ ಬೇಡ, ಉಬ್ಬಿದ ಮೆತ್ತನೆ ಎಳೆಯ ಚೆನಿಲ್ಲೂ ಬೇಡ. ಎಳೆ ಎಳೆದು ಹಾಕುತ್ತದೆ. ವೆಲ್ವೆಟ್ ಪಾಲಿಯೆಸ್ಟರ್ ಆಗಿದ್ದರೆ ಸ್ವೇಡ್ ಫ್ಯಾಬ್ರಿಕ್‌ನಷ್ಟೇ ಗಟ್ಟಿ. ಆದರೆ ಕೂತ ಗುರುತು, ಒತ್ತಿದ ಗುರುತು ಎದ್ದು ಕಾಣುತ್ತದೆ.

ಮನೆಗೆ ಬಂದು ತೊಳೆಯುವವರ ಬಗ್ಗೆ

ವರ್ಷಕ್ಕೊಮ್ಮೆ ಕರೆಸುವುದು ಬಟ್ಟೆ ಸೋಫಾಗೆ ಒಳ್ಳೆಯದೇ. ಸೀಟಿನ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಒಮ್ಮೆ ಬಂದವರು ಸೋಫಾವನ್ನು ತೊಯ್ಯಿಸಿ ಹೋದರು. ಜುಲೈ ತಿಂಗಳು. ಫೋಮ್ ಒಣಗಲು ನಾಲ್ಕು ದಿನ ಬೇಕಾಯಿತು, ಮುಗ್ಗಲು ವಾಸನೆ ತಿಂಗಳಾದರೂ ಹೋಗಲಿಲ್ಲ. ಆಮೇಲಿಂದ ನಾನು ಮೂರು ಪ್ರಶ್ನೆ ಕೇಳಿಯೇ ಕರೆಸುವುದು. ಯಾವ ನೀರು, ಯಾವ ಶಾಂಪೂ? ತೊಳೆದ ಮೇಲೆ ನೀರನ್ನು ಮೆಷಿನ್ನಿನಿಂದ ಎಳೆಯುತ್ತೀರಾ? ಎಷ್ಟು ಗಂಟೆಗೆ ಒಣಗುತ್ತದೆ? ಮಳೆಗಾಲದಲ್ಲಿ ಕರೆಸಬೇಡಿ. ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಸ್ವೇಡ್ ಮತ್ತು ಅನಿಲೀನ್ ಲೆದರನ್ನು ಅವರ ಕೈಗೆ ಕೊಡಬೇಡಿ. ಚರ್ಮದ್ದೇ ಕೆಲಸ ಮಾಡುವವರನ್ನು ಹುಡುಕಿ.

ಯಾರಿಗೆ ಯಾವುದು

ಬೆಂಗಳೂರಿನಂಥ ಊರು, ಮಕ್ಕಳಿರುವ ಮನೆ, ಮಧ್ಯಮ ಬಜೆಟ್: ಡಬ್ಲ್ಯೂ ಗುರುತಿನ ಸ್ವೇಡ್ ಫ್ಯಾಬ್ರಿಕ್, ಕಂದು ಅಥವಾ ಬೂದು ಬಣ್ಣ, ದಿಂಬಿಗೆ ಜಿಪ್. ತೀರಾ ಬಿಳಿಯೂ ಬೇಡ, ತೀರಾ ಕಪ್ಪೂ ಬೇಡ. ಬಿಳಿಯಲ್ಲಿ ಸಾರು ಕಾಣುತ್ತದೆ, ಕಪ್ಪಿನಲ್ಲಿ ಧೂಳು ಕಾಣುತ್ತದೆ.

ಮಕ್ಕಳು ದೊಡ್ಡವರಾಗಿ, ಊರು ಒಣ ಹವೆಯದಾಗಿ, ಒಮ್ಮೆ ಖರ್ಚು ಮಾಡಿ ಹದಿನೈದು ವರ್ಷ ನೆಮ್ಮದಿ ಬೇಕು ಅನ್ನುವವರು ಪಿಗ್ಮೆಂಟೆಡ್ ಲೆದರ್ ತಗೊಳ್ಳಿ. ಅಷ್ಟು ದುಡ್ಡಿಲ್ಲ ಅಂದರೆ ಹಾಫ್ ಲೆದರ್‌ಗಿಂತ ಒಳ್ಳೆಯ ಬಟ್ಟೆಯೇ ಮೇಲು ಅಂತ ನನ್ನ ಅಭಿಪ್ರಾಯ. ಪಕ್ಕದ ಲೆದರೆಟ್ ಮೊದಲು ಹೋಗಿ, ಚೆನ್ನಾಗಿರುವ ಚರ್ಮವೂ ಹಳತಾದಂತೆ ಕಾಣುತ್ತದೆ.

ಮಲೆನಾಡು, ಕೊಡಗು, ಕರಾವಳಿಯವರಿಗೆ ಮರದ ಅಥವಾ ಬೆತ್ತದ ಸೋಫಾ, ಮೇಲೆ ಬಿಡಿ ದಿಂಬು, ಹತ್ತಿ ಗವಸು. ಹಳಬರ ಮನೆಯ ಮರದ ಮಂಚ, ಬೆಂಚುಗಳು ಹಾಗೇ ಇದ್ದವು. ಕೆಳಗೆ ಗಾಳಿಯಾಡುತ್ತದೆ, ದಿಂಬು ಬಿಸಿಲಿಗೆ ಹೋಗುತ್ತದೆ, ಗವಸು ಒಗೆತಕ್ಕೆ ಹೋಗುತ್ತದೆ. ಎರಡು ಜೊತೆ ಗವಸು ಹೊಲಿಸಿಟ್ಟರೆ ಮಳೆಗಾಲದಲ್ಲಿ ಒಂದು ಒಣಗುವ ತನಕ ಇನ್ನೊಂದು ನಡೆಯುತ್ತದೆ. ಇದು ಲೆದರ್‌ಗಿಂತ ಕಡಿಮೆ ದುಡ್ಡಿಗೆ ಆಗುತ್ತದೆ.

ವಯಸ್ಸಾದವರು, ಹಾಸಿಗೆ ಹಿಡಿದವರು ಇರುವ ಮನೆಗೆ ರೆಕ್ಸಿನ್, ಮೇಲೆ ಒಂದು ಹತ್ತಿ ಹೊದಿಕೆ. ಒರೆಸುವುದೂ ಸುಲಭ, ಮೈಗೆ ಅಂಟುವುದೂ ಇಲ್ಲ.

ಹೊದಿಕೆ ಯಾವುದೇ ಆಗಲಿ, ಅಳತೆಗಿಂತ ಅರ್ಧ ಮೀಟರ್ ಜಾಸ್ತಿ ತಗೊಳ್ಳಿ. ತಲೆ ಒರಗುವ ಜಾಗಕ್ಕೆ ಅದೇ ಬಟ್ಟೆಯ ಬಿಡಿ ತುಂಡು ಹೊಲಿಸಿ ಹಾಕಿ, ಉಳಿದದ್ದನ್ನು ಎತ್ತಿಡಿ. ಅಕ್ಕನ ಮಗಳು ಕಂದು ಬಣ್ಣದ ಸ್ವೇಡ್ ಫ್ಯಾಬ್ರಿಕ್ ತಗೊಂಡಳು. ಮೊನ್ನೆ ಅವಳ ಮಗ ಸ್ಕೆಚ್ ಪೆನ್ನಿನಲ್ಲಿ ಕೈಯಾಸರೆಯ ಮೇಲೆ ರೈಲು ಬರೆದಿದ್ದ. ಅವಳು ಬೀರುವಿನಿಂದ ಆ ಉಳಿದ ತುಂಡು ತೆಗೆದು, ಅದೇ ಪೆನ್ನಿನಲ್ಲಿ ಅದರ ಮೇಲೆ ಎರಡು ಗೆರೆ ಎಳೆದು, ಒಂದಕ್ಕೆ ನೊರೆ, ಇನ್ನೊಂದಕ್ಕೆ ಸ್ಪಿರಿಟ್ ಒತ್ತಿ ನೋಡಿದಳು. ನೊರೆಗೇ ಹೋಯಿತಂತೆ. ಆಮೇಲೆ ಸೋಫಾ ಮುಟ್ಟಿದಳು.